ವಿಮಾನದ ಸ್ಕೇಲ್ ಮಾಡೆಲ್ ಕಟ್ಟುವುದು: ಯಾವುದಾದ ಮೇಲೆ ಯಾವುದು

ಹೊಸದಾಗಿ ಸ್ಕೇಲ್ ಮಾಡೆಲ್ ಕಟ್ಟಿದವರು ಫೋಟೋ ತೋರಿಸಿ "ಎಲ್ಲಿ ತಪ್ಪಾಯ್ತು?" ಅಂತ ಕೇಳುತ್ತಾರೆ. ತಪ್ಪುಗಳು ಹೆಚ್ಚುಕಡಿಮೆ ಒಂದೇ. ವಿಮಾನದ ಬೆನ್ನಿನುದ್ದಕ್ಕೂ ಜೋಡಣೆಯ ಗೆರೆ ಕಾಣುತ್ತಿರುತ್ತದೆ. ಕಾಕ್‌ಪಿಟ್ ಮೇಲಿನ ಗಾಜು ಬೆಳ್ಳಗೆ ಮಸುಕಾಗಿರುತ್ತದೆ. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಸುತ್ತ ಹೊಳೆಯುವ ಅಂಚು. ಮುಂದಿನ ಚಕ್ರ ಗಾಳಿಯಲ್ಲಿ, ಬಾಲ ನೆಲದ ಮೇಲೆ.

ಕೈ ಪಳಗಿಲ್ಲ, ಅದಕ್ಕೇ ಹೀಗಾಯ್ತು ಅಂತ ಅವರು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಕೈ ಸರಿಯಾಗೇ ಇರುತ್ತದೆ, ಕೆಲಸದ ಕ್ರಮ ತಪ್ಪಿರುತ್ತದೆ. ಡಬ್ಬಿಯೊಳಗಿನ ಸೂಚನಾ ಹಾಳೆ ಯಾವ ಭಾಗ ಎಲ್ಲಿಗೆ ಅಂತ ಹೇಳುತ್ತದೆ. ಯಾವಾಗ ಬಣ್ಣ ಹೊಡೆಯಬೇಕು, ಯಾವುದನ್ನು ಕೊನೆಗೆ ಉಳಿಸಬೇಕು, ಎಷ್ಟು ಹೊತ್ತು ಸುಮ್ನೆ ಬಿಡಬೇಕು ಅನ್ನೋದನ್ನು ಅದು ಹೇಳುವುದಿಲ್ಲ. ಈ ಬರಹ ಇರುವುದು ಆ ಉಳಿದ ವಿಷಯಕ್ಕೆ.

ಉದಾಹರಣೆಗೆ 1/72 ಸ್ಕೇಲಿನ ಮಿಗ್-21 ಇಟ್ಟುಕೊಳ್ಳೋಣ. ನಮ್ಮ ವಾಯುಪಡೆಯಲ್ಲಿ 1963ರಿಂದ 2025ರವರೆಗೆ ಇದ್ದ ವಿಮಾನ, ಹಾಗಾಗಿ ಫೋಟೋಗಳಿಗೆ ಬರವಿಲ್ಲ. ಜೊತೆಗೆ, ಹೊಸಬರು ಎಡವುವ ಜಾಗಗಳೆಲ್ಲ ಈ ಒಂದೇ ವಿಮಾನದಲ್ಲಿ ಸಿಗುತ್ತವೆ.

## ಯಾವ ಕಿಟ್ ತಗೋಬೇಕು

1/72 ಅಂದರೆ ನಿಜವಾದ ವಿಮಾನದ 72 ಸೆಂಟಿಮೀಟರ್ ಇಲ್ಲಿ 1 ಸೆಂಟಿಮೀಟರ್. ಮಿಗ್-21ರ ರೆಕ್ಕೆಗಳ ಒಟ್ಟು ಅಗಲ 7.15 ಮೀಟರ್, ಮಾಡೆಲ್‌ನಲ್ಲಿ ಅದು 10 ಸೆಂ.ಮೀ. ಆಸುಪಾಸು. 1/48ರಲ್ಲಿ 15 ಸೆಂ.ಮೀ. ದೊಡ್ಡ ಸ್ಕೇಲ್ ಹಿಡಿಯೋಕೆ ಸುಲಭ. ಆದರೆ ದುಡ್ಡೂ ಜಾಸ್ತಿ, ಬಣ್ಣವೂ ಜಾಸ್ತಿ, ಶೋಕೇಸಿನಲ್ಲಿ ಜಾಗವೂ ಜಾಸ್ತಿ.

ಮೊದಲ ಕಿಟ್‌ಗೆ ಒಂದೇ ಎಂಜಿನ್, ಒಂದೇ ಸೀಟು, ಭಾಗಗಳು ನೂರರ ಒಳಗೆ ಇರುವುದನ್ನು ಹುಡುಕಿ. ಎರಡು ಜೊತೆ ರೆಕ್ಕೆಯ ಹಳೇ ಕಾಲದ ವಿಮಾನ ಬೇಡ, ಅದಕ್ಕೆ ತಂತಿ ಕಟ್ಟಬೇಕು. ಬಣ್ಣವಿಲ್ಲದ ಲೋಹದ ಮೈಯಿರುವ ಮಿಗ್ ಕೂಡ ಸದ್ಯಕ್ಕೆ ಬೇಡ. ಲೋಹದ ಬಣ್ಣದಡಿ ಒಂದು ಕೂದಲಿನಷ್ಟು ಗೀರಿದ್ದರೂ ಎದ್ದು ಕಾಣುತ್ತದೆ. ಬೂದು ಬಣ್ಣದ್ದೋ ಹಸಿರು-ಕಂದು ಪಟ್ಟಿಯದ್ದೋ ತಗೊಳ್ಳಿ.

ಡಬ್ಬಿ ಹೊಸದಾಗಿದ್ದ ಮಾತ್ರಕ್ಕೆ ಅಚ್ಚು ಹೊಸದಲ್ಲ. ದಶಕಗಳ ಹಿಂದಿನ ಅಚ್ಚಿನಿಂದ ಬಂದ ಭಾಗಗಳನ್ನೇ ಹೊಸ ಚಿತ್ರದ ಡಬ್ಬಿಯಲ್ಲಿ ಹಾಕಿ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲಿ. ಅಚ್ಚು ಯಾವ ವರ್ಷದ್ದು ಅಂತ ಕೇಳಿಯೇ ಕೊಳ್ಳಿ. ಭಾಗಗಳ ಅಂಚಿನಲ್ಲಿ ತೆಳು ಪ್ಲಾಸ್ಟಿಕ್ ಪೊರೆ ಕಂಡರೆ ಅಚ್ಚು ಸವೆದಿದೆ ಅಂತ ಅರ್ಥ.

## ಬೇಕಾದ ಸಾಮಾನು

ಇಷ್ಟಿದ್ದರೆ ಶುರು ಮಾಡಬಹುದು:

- ಮಾಡೆಲ್‌ಗೆಂದೇ ಬರುವ ಚೂಪು ಬಾಯಿಯ ನಿಪ್ಪರ್. ಎಲೆಕ್ಟ್ರಿಷಿಯನ್‌ಗಳ ವೈರ್ ಕಟರ್ ಭಾಗವನ್ನು ಜಜ್ಜುತ್ತದೆ.
- ಹಾಬಿ ನೈಫ್ ಮತ್ತು ಸಾಕಷ್ಟು ಬ್ಲೇಡು. ಮೊಂಡಾದ ಬ್ಲೇಡ್ ಜಾರಿ ಬೆರಳು ಕುಯ್ಯುತ್ತದೆ.
- ವಾಟರ್ ಪೇಪರ್: 400, 600, 1000, 2000 ನಂಬರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.
- ತೆಳು ಪ್ಲಾಸ್ಟಿಕ್ ಸಿಮೆಂಟ್ (ಟಮಿಯಾ ಎಕ್ಸ್‌ಟ್ರಾ ಥಿನ್ ಥರದ್ದು), ಸ್ವಲ್ಪ ಫೆವಿಕ್ವಿಕ್, ಸ್ವಲ್ಪ ಫೆವಿಕಾಲ್. ಮೂರೂ ಬೇಕು, ಮೂರರ ಕೆಲಸವೂ ಬೇರೆ.
- ಮಾಡೆಲ್ ಪುಟ್ಟಿ, ಚಿಮುಟ, ಮಾಸ್ಕಿಂಗ್ ಟೇಪ್, ಬಟ್ಟೆ ಕ್ಲಿಪ್, ರಬ್ಬರ್ ಬ್ಯಾಂಡ್, ಟೂತ್‌ಪಿಕ್.
- ಪ್ರೈಮರ್, ಬಣ್ಣ, ಗ್ಲಾಸ್ (ಹೊಳಪಿನ) ಮತ್ತು ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್. ಒಂದು ಚಪ್ಪಟೆ ಬ್ರಷ್, ಒಂದು ಸಣ್ಣ ಬ್ರಷ್.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಮೊದಲ ದಿನವೇ ಬೇಡ. ಅದಕ್ಕೆ ಕಂಪ್ರೆಸರ್ ಬೇಕು, ತೊಳೆಯೋದು ಕಲಿಯಬೇಕು, ಅದೇ ಒಂದು ಬೇರೆ ಹವ್ಯಾಸ. ಸ್ಪ್ರೇ ಡಬ್ಬಿ ಮತ್ತು ಬ್ರಷ್‌ನಲ್ಲೇ ಒಳ್ಳೇ ಮಾಡೆಲ್ ಆಗುತ್ತದೆ.

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಎರಡೂ ಈ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ಬ್ರಷ್ ತೊಳೆಯೋಕೆ ಬಳಸಿ, ಮಾಡೆಲ್ ಹತ್ತಿರ ತರಬೇಡಿ. ಸಿಮೆಂಟ್, ಸ್ಪ್ರೇ ಎರಡಕ್ಕೂ ಕಿಟಕಿ ತೆರೆದಿರಲಿ. ಸ್ಪ್ರೇ ಮಾಡುವಾಗ ಬಟ್ಟೆಯ ಮಾಸ್ಕ್ ಸಾಲದು, ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

## ಹಂತ 1: ಹಾಳೆ ಓದಿ, ಗುರುತು ಹಾಕಿ, ತೊಳೆಯಿರಿ

ಏನನ್ನೂ ಕತ್ತರಿಸುವ ಮುಂಚೆ ಹಾಳೆಯನ್ನು ಕೊನೆವರೆಗೆ ಓದಿ. ಪೆನ್ಸಿಲ್ ಹಿಡಿದು ಎರಡು ಗುರುತು ಹಾಕುತ್ತಾ ಹೋಗಿ. ಮುಚ್ಚಿದ ಮೇಲೆ ಕೈಗೆ ಸಿಗದ ಒಳಭಾಗಗಳಿಗೆ "ಮೊದಲು ಬಣ್ಣ". ಹೊರಗೆ ಚಾಚಿಕೊಂಡು ಮುರಿಯುವಂಥ ಭಾಗಗಳಿಗೆ "ಕೊನೆಗೆ". ಮಿಗ್-21ರಲ್ಲಿ ಕಾಕ್‌ಪಿಟ್, ಮೂಗಿನೊಳಗಿನ ಶಂಕು ಮತ್ತು ಜೆಟ್ ಕೊಳವೆ ಮೊದಲ ಗುಂಪು. ಚಕ್ರದ ಕಾಲುಗಳು, ಅವುಗಳ ಬಾಗಿಲು, ಆಂಟೆನಾ, ಮೂಗಿನ ಮುಂದೆ ಉದ್ದಕ್ಕೆ ಚಾಚುವ, ವೇಗ ಅಳೆಯುವ ಪಿಟೋ ಕೊಳವೆ ಎರಡನೆಯ ಗುಂಪು.

ಹಲವು ಕಿಟ್‌ಗಳಲ್ಲಿ ಎರಡು ಮೂರು ಮಾದರಿಯ ವಿಮಾನಕ್ಕೆ ಬೇಕಾದ ಭಾಗಗಳು ಒಟ್ಟಿಗೆ ಇರುತ್ತವೆ. ನೀವು ಕಟ್ಟುವುದು ಯಾವ ಮಾದರಿ ಅಂತ ಈಗಲೇ ತೀರ್ಮಾನಿಸಿ, ಬೇಡದ ಭಾಗಗಳಿಗೆ ಅಡ್ಡಗೆರೆ ಎಳೆಯಿರಿ.

ಆಮೇಲೆ ಭಾಗಗಳಿರುವ ಚೌಕಟ್ಟನ್ನು, ಅಂದರೆ ಸ್ಪ್ರೂವನ್ನು, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಕಾರ್ಖಾನೆಯಲ್ಲಿ ಹಾಕಿದ ಜಿಡ್ಡು ಇದ್ದರೆ ಬಣ್ಣ ಹಿಡಿಯುವುದಿಲ್ಲ. ಬಿಸಿ ನೀರು ಬೇಡ, ತೆಳು ಭಾಗ ಸೊಟ್ಟಗಾಗುತ್ತದೆ. ಸಿಂಕಿನಲ್ಲಿ ತೊಳೆದರೆ ಜಾಲರಿ ಹಾಕಿರಿ. ಕಳಚಿಬಿದ್ದ ಸಣ್ಣ ಭಾಗ ಪೈಪಿನೊಳಗೆ ಹೋದರೆ ಕಥೆ ಮುಗಿಯಿತು.

## ಹಂತ 2: ಕತ್ತರಿಸುವುದು

ಎರಡು ಸಲ ಕತ್ತರಿಸಿ. ಮೊದಲ ಸಲ ಭಾಗದಿಂದ 2-3 ಮಿ.ಮೀ. ದೂರದಲ್ಲಿ. ಉಳಿದ ಮೊಳೆಯನ್ನು ನಿಪ್ಪರ್‌ನ ಚಪ್ಪಟೆ ಬದಿಯಿಂದ ಇನ್ನೊಮ್ಮೆ, ಮೈಗೆ ಪೂರ್ತಿ ತಾಕದಂತೆ. ಕೊನೆಯ ಚೂರನ್ನು 600 ಪೇಪರ್‌ನಲ್ಲಿ ಉಜ್ಜಿ. ಒಂದೇ ಏಟಿಗೆ ಮೈಗೆ ಒತ್ತಿ ಕತ್ತರಿಸಿದರೆ ಆ ಜಾಗ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಗುಳಿಯೇ ಬೀಳುತ್ತದೆ. ಬೆಳ್ಳಗಾಯಿತು ಅಂದರೆ ಪ್ಲಾಸ್ಟಿಕ್ ಒತ್ತಡ ತಿಂದಿದೆ ಅಂತ.

ಎಲ್ಲಾ ಭಾಗಗಳನ್ನೂ ಒಟ್ಟಿಗೆ ಕತ್ತರಿಸಿ ರಾಶಿ ಹಾಕಬೇಡಿ. ಭಾಗದ ನಂಬರ್ ಇರುವುದು ಸ್ಪ್ರೂ ಮೇಲೆ. ಕತ್ತರಿಸಿದ ಮೇಲೆ ಎಡಗಡೆ ಬಾಗಿಲು ಯಾವುದು, ಬಲಗಡೆಯದು ಯಾವುದು ಗೊತ್ತಾಗುವುದಿಲ್ಲ. ಆ ಹೊತ್ತಿನ ಹಂತಕ್ಕೆ ಬೇಕಾದಷ್ಟೇ ಸಾಕು.

## ಹಂತ 3: ಅಂಟಿಲ್ಲದೆ ಜೋಡಿಸಿ ನೋಡಿ

ತುಂಬಾ ಜನ ಹಾರಿಸಿಬಿಡುವ ಹಂತ ಇದು. ಮೈಯ ಎರಡು ಹೋಳು, ರೆಕ್ಕೆ, ಬಾಲ ಎಲ್ಲವನ್ನೂ ಟೇಪಿನಲ್ಲಿ ಹಿಡಿಸಿ ನೋಡಿ. ಎಲ್ಲಿ ಕೂರುತ್ತಿಲ್ಲ? ಬಹುಪಾಲು ಸಲ ಕಾರಣ ಒಳಗಡೆ ಇರುತ್ತದೆ. ಜೋಡಣೆಯ ಕಡ್ಡಿ ದಪ್ಪವಾಗಿರುತ್ತದೆ, ಇಲ್ಲವೇ ಕಾಕ್‌ಪಿಟ್ ನೆಲ ಒಂದು ಚೂರು ಅಗಲವಾಗಿ ಮೈಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಕಡ್ಡಿ ಕತ್ತರಿಸಿ ಎಸೆದರೂ ಪರವಾಗಿಲ್ಲ. ನೆಲದ ಅಂಚನ್ನು ಉಜ್ಜಿ ತೆಳು ಮಾಡಿ.

ಈ ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ಸಂದು ಅಂದರೆ ನಿಜವಾದ ವಿಮಾನದಲ್ಲಿ 36 ಮಿ.ಮೀ. ಸಂದು. ಎರಡು ಬೆರಳು ತೂರುವಷ್ಟು! ಅಷ್ಟು ದೊಡ್ಡ ಬಿರುಕಿಟ್ಟುಕೊಂಡು ಯಾವ ಫೈಟರ್ ಹಾರೀತು? ಈಗ ಐದು ನಿಮಿಷ ಉಜ್ಜಿದರೆ ಆಮೇಲೆ ಪುಟ್ಟಿ ಹಿಡಿದು ಒಂದು ಸಂಜೆ ಕಳೆಯುವುದು ತಪ್ಪುತ್ತದೆ.

## ಹಂತ 4: ಕಾಕ್‌ಪಿಟ್ ಮತ್ತು ಮೂಗಿನ ಭಾರ

ಒಳಭಾಗಕ್ಕೆ ಬಣ್ಣ ಈಗಲೇ ಹೊಡೆಯಿರಿ. ಮಿಗ್‌ಗಳ ಕಾಕ್‌ಪಿಟ್‌ನಲ್ಲಿ ಹೆಚ್ಚಾಗಿ ಕಾಣುವುದು ಹಸಿರು-ನೀಲಿ ಬೆರೆತ ಬಣ್ಣ, ಆದರೂ ನಿಮ್ಮ ಮಾದರಿಯ ಫೋಟೋ ನೋಡಿಕೊಳ್ಳಿ. 1/72ರಲ್ಲಿ ಕಾಕ್‌ಪಿಟ್‌ಗೆ ವಾರಗಟ್ಟಲೆ ಸುರಿಯಬೇಡಿ. ಗಾಜು ಮುಚ್ಚಿದ ಮೇಲೆ ಸೀಟಿನ ತಲೆಭಾಗ ಮತ್ತು ಬೆಲ್ಟು ಬಿಟ್ಟರೆ ಏನೂ ಕಾಣುವುದಿಲ್ಲ.

ಅಂಟು ತಾಗುವ ಜಾಗಕ್ಕೆ ಬಣ್ಣ ಬಿದ್ದಿದ್ದರೆ ಬ್ಲೇಡಿನಿಂದ ಕೆರೆಯಿರಿ. ಪ್ಲಾಸ್ಟಿಕ್ ಸಿಮೆಂಟ್ ಎರಡು ಮೈಯನ್ನೂ ಕರಗಿಸಿ ಬೆಸೆಯುತ್ತದೆ. ನಡುವೆ ಬಣ್ಣವಿದ್ದರೆ ಬೆಸೆಯುವುದು ಬಣ್ಣವನ್ನು ಮಾತ್ರ.

ಈಗ ಭಾರ. ಮಿಗ್-21ಕ್ಕೆ ಮುಂದೆ ಒಂದು ಚಕ್ರ, ಹಿಂದೆ ಎರಡು. ಮೂಗಿನಲ್ಲಿ ಭಾರವಿಲ್ಲದಿದ್ದರೆ ಮಾಡೆಲ್ ಬಾಲ ಊರಿ ಕೂರುತ್ತದೆ. ಮೈ ಮುಚ್ಚಿದ ಮೇಲೆ ಇದಕ್ಕೆ ಪರಿಹಾರವೇ ಇಲ್ಲ. ಜಾಗ ಎಲ್ಲಿದೆ ಹುಡುಕಿ: ಗಾಳಿ ಒಳಹೋಗುವ ಬಾಯಲ್ಲಿ ಕೂರುವ ಶಂಕುವಿನ ಒಳಗೆ, ಕಾಕ್‌ಪಿಟ್ ನೆಲದ ಕೆಳಗೆ. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ಇದಕ್ಕೆ ಸರಿ. ಅದನ್ನು ಅರಾಲ್ಡೈಟ್ ಥರದ ಎಪಾಕ್ಸಿಯಲ್ಲೇ ಕೂರಿಸಿ, ಫೆವಿಕಾಲ್‌ನಲ್ಲಿ ಬೇಡ. ಬಿಳಿ ಅಂಟಿನ ಜೊತೆ ಸೀಸ ನಿಧಾನಕ್ಕೆ ತುಕ್ಕು ಹಿಡಿದು ಉಬ್ಬುತ್ತದೆ, ವರ್ಷಗಳ ಮೇಲೆ ಮೈಯೇ ಸೀಳಬಹುದು. ಸೀಸ ಮುಟ್ಟಿದ ಕೈ ತೊಳೆಯದೆ ಏನೂ ತಿನ್ನಬೇಡಿ.

ಸಾಕಾಯಿತಾ ನೋಡಲು ಮತ್ತೆ ಟೇಪಿನಲ್ಲಿ ಎಲ್ಲಾ ಜೋಡಿಸಿ. ಹಿಂದಿನ ಚಕ್ರಗಳು ಬರುವ ಜಾಗದ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿ. ಮೂಗು ಕೆಳಗೆ ಬಾಗಬೇಕು, ಅನುಮಾನಕ್ಕೆ ಎಡೆಯಿಲ್ಲದಂತೆ. ತೂಗಾಡಿದರೆ ಇನ್ನೊಂದು ಗುಂಡು ಹಾಕಿ.

## ಹಂತ 5: ಅಂಟಿಸುವುದು

ತೆಳು ಸಿಮೆಂಟನ್ನು ಮೊದಲೇ ಹಚ್ಚಿ ಆಮೇಲೆ ಜೋಡಿಸುವುದಲ್ಲ. ಎರಡು ಹೋಳನ್ನು ಒತ್ತಿ ಹಿಡಿದು, ಸಂದಿಗೆ ಬ್ರಷ್ ತುದಿ ತಾಗಿಸಿ. ಅದು ತಾನೇ ಒಳಗೆ ಓಡುತ್ತದೆ. ಎರಡು ಸೆಂಟಿಮೀಟರ್ ಹಚ್ಚಿ, ಹಿಡಿದುಕೊಳ್ಳಿ, ಮುಂದಕ್ಕೆ ಹೋಗಿ.

ನಿಮ್ಮ ಬೆರಳು ಸಂದಿನ ಮೇಲೆ ಇರಬಾರದು. ಸಿಮೆಂಟ್ ಬೆರಳಿನಡಿಗೂ ಓಡುತ್ತದೆ, ಬೆರಳಚ್ಚು ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾಗುತ್ತದೆ. ಹಾಗೇನಾದರೂ ಆದರೆ ಒರೆಸೋಕೆ ಹೋಗಬೇಡಿ, ಇನ್ನಷ್ಟು ಹರಡುತ್ತದೆ. ಪೂರ್ತಿ ಒಣಗಲಿ, ಆಮೇಲೆ ಉಜ್ಜಿ ತೆಗೆಯಬಹುದು.

ಮೈಯ ಉದ್ದದ ಜೋಡಣೆಗೆ ಒಂದು ಉಪಾಯವಿದೆ. ಸಿಮೆಂಟ್ ಹಚ್ಚಿ ಅರ್ಧ ನಿಮಿಷ ಬಿಟ್ಟು ಎರಡು ಹೋಳನ್ನು ಗಟ್ಟಿಯಾಗಿ ಒತ್ತಿ. ಕರಗಿದ ಪ್ಲಾಸ್ಟಿಕ್ ಸಣ್ಣ ಏಣಿನಂತೆ ಸಂದಿನಿಂದ ಮೇಲಕ್ಕೆ ಬರುತ್ತದೆ. ಒಣಗಿದ ಮೇಲೆ ಅದನ್ನು ಉಜ್ಜಿದರೆ ಸಂದೇ ಇರುವುದಿಲ್ಲ, ಪುಟ್ಟಿಯೂ ಬೇಕಾಗುವುದಿಲ್ಲ. ರಬ್ಬರ್ ಬ್ಯಾಂಡ್, ಬಟ್ಟೆ ಕ್ಲಿಪ್ ಹಾಕಿ ಒಂದು ದಿನ ಬಿಡಿ. ಒಂದು ಗಂಟೆ ಅಲ್ಲ, ಒಂದು ದಿನ. ಮೆತ್ತಗಿರುವಾಗಲೇ ಉಜ್ಜಿದರೆ ವಾರದ ಮೇಲೆ ಅಲ್ಲೇ ಕುಗ್ಗಿ ಗೆರೆ ಮತ್ತೆ ಕಾಣುತ್ತದೆ.

ರೆಕ್ಕೆ ಅಂಟಿಸಿದ ಕೂಡಲೇ ಮಾಡೆಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಎದುರಿನಿಂದ ನೋಡಿ. ಎರಡೂ ರೆಕ್ಕೆ ಒಂದೇ ಕೋನದಲ್ಲಿವೆಯಾ? ಬಾಲ ನೆಟ್ಟಗಿದೆಯಾ? ಸಿಮೆಂಟ್ ಗಟ್ಟಿಯಾಗುವವರೆಗೆ ತಿದ್ದಲು ಹತ್ತು ನಿಮಿಷ ಸಿಗುತ್ತದೆ, ಆಮೇಲೆ ಇಲ್ಲ.

## ಹಂತ 6: ಸಂದು ತುಂಬಿ ಉಜ್ಜುವುದು

ಮಾಡೆಲ್ ಚೆನ್ನಾಗಿ ಬಂತೋ ಇಲ್ಲವೋ ಅನ್ನೋದು ಇಲ್ಲೇ ತೀರ್ಮಾನವಾಗುತ್ತದೆ. ಬಣ್ಣ ಸಂದನ್ನು ಮುಚ್ಚುತ್ತದೆ ಅನ್ನೋದು ದೊಡ್ಡ ತಪ್ಪು ತಿಳುವಳಿಕೆ. ಬಣ್ಣ ಅದನ್ನು ಎತ್ತಿ ತೋರಿಸುತ್ತದೆ.

ಪುಟ್ಟಿಯನ್ನು ಟೂತ್‌ಪಿಕ್‌ನಲ್ಲಿ ಸಂದಿನೊಳಗೆ ಮಾತ್ರ ತುಂಬಿ, ಅಕ್ಕಪಕ್ಕ ಬಳಿಯಬೇಡಿ. ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಾಕಿಕೊಂಡರೆ ಉಜ್ಜುವ ಕೆಲಸ ಅರ್ಧ ಕಡಿಮೆ. ನೀರಿನ ಪುಟ್ಟಿಯಾದರೆ ಒದ್ದೆ ಬೆರಳಲ್ಲೇ ಒರೆಸಿ ಸಮ ಮಾಡಬಹುದು. ಮಿಗ್‌ನ ರೆಕ್ಕೆ ಮೈಗೆ ಸೇರುವ ಮೂಲೆಗೆ ಇದೇ ಸರಿ, ಅಲ್ಲಿ ಪೇಪರ್ ತೂರುವುದಿಲ್ಲ. ದೊಡ್ಡ ಹಳ್ಳವಿದ್ದರೆ ಎಂ-ಸೀಲ್ ಆಗುತ್ತದೆ, ಆದರೆ ಒಣಗಿದ ಮೇಲೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿ. ಉಜ್ಜಿದರೆ ಪಕ್ಕದ ಪ್ಲಾಸ್ಟಿಕ್ಕೇ ಸವೆಯುತ್ತದೆ. ಒದ್ದೆಯಿರುವಾಗಲೇ ಆಕಾರ ಕೊಟ್ಟುಬಿಡಿ. ಫೆವಿಕ್ವಿಕ್ ತುಂಬಿದರೂ ಅಷ್ಟೇ, ಒಂದು ಗಂಟೆಯೊಳಗೆ ಉಜ್ಜಬೇಕು. ಮಾರನೇ ದಿನಕ್ಕೆ ಕಲ್ಲು.

ಉಜ್ಜುವಾಗ ಪೇಪರನ್ನು ಬೆರಳಿಗೆ ಸುತ್ತಬೇಡಿ. ಬೆರಳು ಮೆತ್ತಗೆ, ಗುಳಿ ಬೀಳುತ್ತದೆ. ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿಕೊಳ್ಳಿ. ದುಂಡಗಿನ ಮೈಗೆ ಮಾತ್ರ ತೆಳು ಸ್ಪಾಂಜಿನ ಮೇಲೆ ಪೇಪರ್ ಇಟ್ಟು ಮೈ ಸುತ್ತಿಗೆ ತಕ್ಕಂತೆ ಉಜ್ಜಿ. ಸದಾ ನೀರು ಮುಟ್ಟಿಸುತ್ತಿರಿ: ದೂಳು ಹಾರುವುದಿಲ್ಲ, ಪೇಪರ್ ಕಟ್ಟಿಕೊಳ್ಳುವುದಿಲ್ಲ. 400ರಲ್ಲಿ ಶುರು, 1000ದಲ್ಲಿ ಕೊನೆ. ನಡುವಿನ ನಂಬರ್ ಹಾರಿಸಿದರೆ 400ರ ಗೀರು ಬಣ್ಣದ ಕೆಳಗೆ ಉಳಿಯುತ್ತದೆ.

ಕಣ್ಣನ್ನು ನಂಬಬೇಡಿ, ಉಗುರನ್ನು ನಂಬಿ. ಕಣ್ಣು ಮುಚ್ಚಿ ಉಗುರನ್ನು ಸಂದಿಗೆ ಅಡ್ಡಲಾಗಿ ಎಳೆಯಿರಿ. ತಡವರಿಸಿದರೆ ಕೆಲಸ ಬಾಕಿ ಇದೆ.

ಉಜ್ಜುತ್ತಾ ಮೈಮೇಲಿನ ಪ್ಯಾನೆಲ್ ಗೆರೆಗಳು (ಲೋಹದ ಹಾಳೆಗಳ ಅಂಚು ತೋರಿಸುವ ಗೆರೆಗಳು) ಅಳಿಸಿ ಹೋಗುವುದು ಸಹಜ. ಗಟ್ಟಿ ಲೇಬಲ್ ಟೇಪನ್ನು ಅಂಚಾಗಿ ಅಂಟಿಸಿ, ಸೂಜಿಯಿಂದ ಹಗುರವಾಗಿ ನಾಲ್ಕೈದು ಸಲ ಎಳೆದರೆ ಗೆರೆ ಮತ್ತೆ ಮೂಡುತ್ತದೆ. ಒಂದೇ ಸಲ ಒತ್ತಿ ಎಳೆದರೆ ಸೂಜಿ ಜಾರಿ ರೆಕ್ಕೆಯ ಮೇಲೆಲ್ಲಾ ಗೀಚುತ್ತದೆ.

## ಹಂತ 7: ಕ್ಯಾನೊಪಿ, ಅಂದರೆ ಕಾಕ್‌ಪಿಟ್ ಮೇಲಿನ ಗಾಜು

ಪಾರದರ್ಶಕ ಪ್ಲಾಸ್ಟಿಕ್ ಉಳಿದದ್ದಕ್ಕಿಂತ ಸೀಳುವ ಸ್ವಭಾವದ್ದು. ನಿಪ್ಪರ್‌ನಲ್ಲಿ ಹತ್ತಿರದಿಂದ ಕತ್ತರಿಸಿದರೆ ಬಿರುಕು ಒಳಕ್ಕೆ ಓಡುತ್ತದೆ. ದೂರದಲ್ಲಿ ಕತ್ತರಿಸಿ, ಉಳಿದದ್ದನ್ನು ಉಜ್ಜಿಯೇ ತೆಗೆಯಿರಿ.

ಇದಕ್ಕೆ ಫೆವಿಕ್ವಿಕ್ ಹಾಕಲೇಬಾರದು. ಅದರ ಆವಿ ಗಾಜಿನ ಒಳಮೈಗೆ ಕೂತು ಬೆಳ್ಳಗಾಗುತ್ತದೆ. ಅದು ಒಳಗಡೆ ಆಗುವುದರಿಂದ ಒರೆಸುವ ದಾರಿಯೂ ಇಲ್ಲ. ಫೆವಿಕಾಲ್ ಅಥವಾ ಅದೇ ಥರದ ಬಿಳಿ ಅಂಟು ಸಾಕು. ಒಣಗಿದರೆ ಪಾರದರ್ಶಕ, ಜಾಸ್ತಿಯಾದದ್ದನ್ನು ಒದ್ದೆ ಬ್ರಷ್‌ನಲ್ಲಿ ಒರೆಸಬಹುದು, ಸಣ್ಣ ಸಂದನ್ನೂ ಅದೇ ತುಂಬುತ್ತದೆ.

ಅಂಟಿಸುವ ಮುಂಚೆ ಒಳಗಿನ ದೂಳು, ಕೂದಲು ಊದಿ ತೆಗೆಯಿರಿ. ಆಮೇಲೆ ಗಾಜಿನ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ, ಟೂತ್‌ಪಿಕ್‌ನಿಂದ ಚೌಕಟ್ಟಿನ ಅಂಚಿಗೆ ಒತ್ತಿ, ಹೊಸ ಬ್ಲೇಡಿನಲ್ಲಿ ಕತ್ತರಿಸಿ. ಚೌಕಟ್ಟಿಗೆ ಮೊದಲು ಕಾಕ್‌ಪಿಟ್ ಬಣ್ಣ, ಅದರ ಮೇಲೆ ಹೊರಬಣ್ಣ. ಆಗ ಒಳಗಿನಿಂದ ನೋಡಿದರೂ ಸರಿಯಾದ ಬಣ್ಣ ಕಾಣುತ್ತದೆ.

## ಹಂತ 8: ಪ್ರೈಮರ್

ಪ್ರೈಮರ್ ಬಣ್ಣ ಹಿಡಿಸುವುದಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ, ಆದರೆ ತಪ್ಪು ತೋರಿಸುವುದು ಅದರ ಇನ್ನೂ ದೊಡ್ಡ ಕೆಲಸ. ಬೂದು ಪ್ರೈಮರ್ ತೆಳುವಾಗಿ ಹೊಡೆದು ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಉಳಿದ ಸಂದು, ಗೀರು, ಬೆರಳಚ್ಚು ಎಲ್ಲಾ ಬಯಲಾಗುತ್ತವೆ. ಹಂತ 6ಕ್ಕೆ ವಾಪಸ್ ಹೋಗಿ, ತಿದ್ದಿ, ಅಲ್ಲಿಗಷ್ಟೇ ಮತ್ತೆ ಪ್ರೈಮರ್ ಹೊಡೆಯಿರಿ. ಎರಡು ಮೂರು ಸುತ್ತು ಆಗುವುದು ಸಾಮಾನ್ಯ.

ಸ್ಪ್ರೇ ಡಬ್ಬಿಯನ್ನು 20-25 ಸೆಂ.ಮೀ. ದೂರ ಹಿಡಿಯಿರಿ. ಮಾಡೆಲ್ ಹೊರಗೆ ಶುರು ಮಾಡಿ, ದಾಟಿಸಿ, ಮಾಡೆಲ್ ಹೊರಗೇ ನಿಲ್ಲಿಸಿ. ಕಾರಿನ ಪ್ರೈಮರ್ ಬಳಸುವವರಿದ್ದಾರೆ, ಆದರೆ ಕೆಲವು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಮೊದಲು ಖಾಲಿ ಸ್ಪ್ರೂ ತುಂಡಿನ ಮೇಲೆ ಹೊಡೆದು ನೋಡಿ.

ಮಳೆಗಾಲದಲ್ಲಿ ಒಂದು ಎಚ್ಚರಿಕೆ. ಮಂಗಳೂರು, ಕಾರವಾರದ ಜೂನ್-ಜುಲೈ ಗಾಳಿಯಲ್ಲಿ ಲ್ಯಾಕರ್ ಸ್ಪ್ರೇ ಹೊಡೆದರೆ ತೇವ ಸೇರಿ ಮೇಲ್ಮೈ ಬೆಳ್ಳಗಾಗುತ್ತದೆ. ಮಳೆ ನಿಂತು ಬಿಸಿಲು ಬಂದ ದಿನಕ್ಕೆ ಕಾಯಿರಿ. ಆಗದಿದ್ದರೆ ಆ ತಿಂಗಳು ಬ್ರಷ್ ಹಿಡಿಯಿರಿ.

## ಹಂತ 9: ಬಣ್ಣ

ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಹೊಟ್ಟೆಯ ತಿಳಿಬೂದು ಹೊಡೆದು, ಒಣಗಿಸಿ, ಮುಚ್ಚಿ, ಮೇಲ್ಭಾಗಕ್ಕೆ ಹೋಗಿ.

ಬ್ರಷ್‌ನಲ್ಲಾದರೆ ಬಾಟಲಿಯಿಂದ ನೇರವಾಗಿ ಬಳಿಯಬೇಡಿ. ಬಣ್ಣ ಹಾಲಿನಷ್ಟು ತೆಳುವಾಗಿರಬೇಕು. ಮೊದಲ ಕೋಟ್ ಅಲ್ಲಲ್ಲಿ ಪ್ಲಾಸ್ಟಿಕ್ ಕಾಣುವಂತೆ ಕೆಟ್ಟದಾಗೇ ಇರುತ್ತದೆ. ಗಾಬರಿಯಾಗಿ ಅದರ ಮೇಲೇ ಮತ್ತೆ ಬ್ರಷ್ ಆಡಿಸಿದರೆ ಅರ್ಧ ಒಣಗಿದ ಬಣ್ಣ ಕಿತ್ತು ಬರುತ್ತದೆ. ಒಣಗಲು ಬಿಡಿ. ಮೂರನೇ ಕೋಟಿಗೆ ಸಮವಾಗುತ್ತದೆ.

ಏರ್‌ಬ್ರಷ್ ಇದ್ದವರಿಗೆ: 0.3 ಮಿ.ಮೀ. ನಾಜಲ್, 15-20 ಪಿಎಸ್‌ಐ ಒತ್ತಡದಿಂದ ಶುರು ಮಾಡಿ. ಬಣ್ಣ ಮಾಡೆಲ್ ಮೇಲೆ ಪುಡಿಯಾಗಿ, ತರಿತರಿಯಾಗಿ ಬೀಳುತ್ತಿದ್ದರೆ ದೂರ ಜಾಸ್ತಿ ಅಥವಾ ಬಣ್ಣ ದಪ್ಪ. ಜೇಡರ ಕಾಲಿನಂತೆ ಹರಿದರೆ ಬಣ್ಣ ನೀರಾಗಿದೆ ಅಥವಾ ತೀರಾ ಹತ್ತಿರ ಹಿಡಿದಿದ್ದೀರಿ.

ಟೇಪ್ ಹಾಕುವ ಮುಂಚೆ ಕೆಳಗಿನ ಬಣ್ಣ ಒಂದು ದಿನ ಒಣಗಿರಲಿ. ಟೇಪಿನ ಅಂಚನ್ನು ಉಗುರಲ್ಲಿ ಒತ್ತಿ. ತೆಗೆಯುವಾಗ ಮೇಲಕ್ಕೆ ಎಳೆಯದೆ, ಅದರ ಮೇಲೇ ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆಯಿರಿ. ಇನ್ನೊಂದು ಕಟ್ಟುನಿಟ್ಟು: ನೀರಿನ ಅಕ್ರಿಲಿಕ್ ಮೇಲೆ ಲ್ಯಾಕರ್ ಹೊಡೆಯಬೇಡಿ, ಕೆಳಗಿನದು ಸುಕ್ಕುಗಟ್ಟುತ್ತದೆ. ಲ್ಯಾಕರ್ ಮೇಲೆ ಅಕ್ರಿಲಿಕ್ ಆಗಬಹುದು.

ಬಣ್ಣದ ಛಾಯೆಗೆ ಫೋಟೋಗಿಂತ ನಿಜವಾದ ವಿಮಾನ ಮೇಲು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ 1961ರಲ್ಲಿ ಮೊದಲು ಹಾರಿದ ಮಾರುತ್ ಫೈಟರ್ ಮಾದರಿಯ ವಿಮಾನವಿದೆ. ಹಡಗು ಕಟ್ಟುವವರಿಗೆ ಕಾರವಾರದ ಕಡಲ ತೀರದ ಚಾಪೆಲ್ ಯುದ್ಧನೌಕೆ. ಚಕ್ರದ ಗೂಡು, ಬಾಗಿಲ ಒಳಮೈ, ಕೊಳವೆಗಳ ಜೋಡಣೆ, ಪ್ರಚಾರದ ಚಿತ್ರಗಳಲ್ಲಿ ಕಾಣದ ಈ ಜಾಗಗಳ ಫೋಟೋ ತಕ್ಕೊಳ್ಳಿ. ಆದರೆ ಪ್ರದರ್ಶನಕ್ಕಿಟ್ಟ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ ಅನ್ನೋದು ನೆನಪಿರಲಿ. ಆಕಾರಕ್ಕೆ ಅವನ್ನು ನಂಬಿ, ಬಣ್ಣಕ್ಕೆ ಹಾರುತ್ತಿದ್ದ ಕಾಲದ ಫೋಟೋ ಜೊತೆಗಿಟ್ಟುಕೊಳ್ಳಿ.

## ಹಂತ 10: ಗ್ಲಾಸ್ ಕೋಟ್, ಆಮೇಲೆ ಡೆಕಾಲ್

ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಡೆಕಾಲ್ ಹಾಕುವುದೇ ಆ ಹೊಳೆಯುವ ಅಂಚಿಗೆ ಕಾರಣ. ಮ್ಯಾಟ್ ಮೇಲ್ಮೈ ಸೂಕ್ಷ್ಮವಾಗಿ ತರಿತರಿ. ಡೆಕಾಲ್ ಪೊರೆಯ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳಕಿಗೆ ಮಿನುಗುತ್ತದೆ. ಪೂರ್ತಿ ಮಾಡೆಲ್‌ಗೆ ಗ್ಲಾಸ್ ವಾರ್ನಿಷ್ ಹೊಡೆದು ಒಂದು ದಿನ ಬಿಡಿ.

ಡೆಕಾಲನ್ನು ಒಂದೊಂದೇ ಕತ್ತರಿಸಿ ಉಗುರುಬೆಚ್ಚಗಿನ ನೀರಲ್ಲಿ 15-20 ಸೆಕೆಂಡ್ ಅದ್ದಿ, ತೆಗೆದು ಒದ್ದೆ ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ನೀರಲ್ಲೇ ತೇಲಲು ಬಿಟ್ಟರೆ ಅದರ ಅಂಟೆಲ್ಲಾ ತೊಳೆದು ಹೋಗುತ್ತದೆ. ಕಾಗದದ ಮೇಲೆ ಸಲೀಸಾಗಿ ಜಾರಿದರೆ ತಯಾರಾಯಿತು. ಮಾಡೆಲ್ ಮೇಲೆ ಮೈಕ್ರೋ ಸೆಟ್ ಥರದ ದ್ರವ ಹಚ್ಚಿ, ಕಾಗದವನ್ನು ಪಕ್ಕದಲ್ಲಿಟ್ಟು, ಬ್ರಷ್‌ನಿಂದ ಡೆಕಾಲನ್ನು ಮಾತ್ರ ಜಾರಿಸಿ. ಸರಿಯಾದ ಜಾಗಕ್ಕೆ ತಂದು, ನಡುವಿನಿಂದ ಹೊರಕ್ಕೆ ನೀರು ಒತ್ತಿ ತೆಗೆಯಿರಿ.

ಆಮೇಲೆ ಮೃದುಗೊಳಿಸುವ ದ್ರವ, ಮೈಕ್ರೋ ಸೋಲ್ ಥರದ್ದು. ಹಚ್ಚಿದ ಸ್ವಲ್ಪ ಹೊತ್ತಿಗೆ ಡೆಕಾಲ್ ಸುಕ್ಕುಗಟ್ಟುತ್ತದೆ. ಎಲ್ಲರೂ ಹೆದರಿ ಕೈ ಹಾಕುವುದು ಇಲ್ಲೇ. ಮುಟ್ಟಿದರೆ ಹರಿಯುತ್ತದೆ. ಎದ್ದು ಹೋಗಿ, ಚಹಾ ಕುಡಿದು ಬನ್ನಿ. ಒಣಗುತ್ತಾ ತಾನೇ ಚಪ್ಪಟೆಯಾಗಿ ಪ್ಯಾನೆಲ್ ಗೆರೆಯೊಳಗೆ ಇಳಿಯುತ್ತದೆ. ಇನ್ನೂ ಮಿನುಗುತ್ತಿದ್ದರೆ ಅಲ್ಲಿ ಸೂಜಿಯಿಂದ ಚುಚ್ಚಿ ಮತ್ತೊಂದು ಹನಿ ಹಾಕಿ.

ಹಳೇ ಕಿಟ್ ಆಗಿದ್ದರೆ ಬೇಡದ ಒಂದು ಡೆಕಾಲನ್ನು ಮೊದಲು ನೀರಿಗೆ ಹಾಕಿ ನೋಡಿ. ಚೂರುಚೂರಾದರೆ ಉಳಿದ ಹಾಳೆಗೆ ಒಂದು ಕೋಟ್ ವಾರ್ನಿಷ್ ಹೊಡೆದು ಒಣಗಿಸಿ ಬಳಸಿ. ಆಗ ಪ್ರತಿಯೊಂದನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಬೇಕು. ಭಾರತದ ಗುರುತು ಬೇರೆ ಕಡೆಯಿಂದ ತರಿಸಿದ್ದರೆ ಪರಿಶೀಲಿಸಿ: ನಮ್ಮ ವಾಯುಪಡೆಯ ವೃತ್ತದಲ್ಲಿ ನಡುವೆ ಹಸಿರು, ಹೊರಗೆ ಕೇಸರಿ.

## ಹಂತ 11: ವಾಶ್ ಮತ್ತು ಮ್ಯಾಟ್

ಡೆಕಾಲ್ ಒಣಗಿದ ಮೇಲೆ ಅವುಗಳ ಮೇಲೂ ಒಂದು ಗ್ಲಾಸ್ ಕೋಟ್. ನಂತರ ಪ್ಯಾನೆಲ್ ಗೆರೆಗಳಿಗೆ ತೆಳು ಎನಾಮೆಲ್ ವಾಶ್ (ಗೆರೆಯೊಳಗೆ ಹರಿಯುವಷ್ಟು ನೀರಾದ ಗಾಢ ಬಣ್ಣ) ಮುಟ್ಟಿಸಿ, ಅರೆ ಒಣಗಿದಾಗ ಎನಾಮೆಲ್ ಥಿನ್ನರ್ ಸೋಕಿಸಿದ ಬಟ್ಟೆಯಿಂದ ಒರೆಸಿ. ಗಾಳಿ ಹರಿಯುವ ದಿಕ್ಕಿಗೆ, ಅಂದರೆ ಮೂಗಿನಿಂದ ಬಾಲಕ್ಕೆ. ಬೂದು ವಿಮಾನಕ್ಕೆ ಅಪ್ಪಟ ಕಪ್ಪು ಬೇಡ, ಗಾಢ ಬೂದು ಸಾಕು. ಬಣ್ಣವಿಲ್ಲದ ಪ್ಲಾಸ್ಟಿಕ್ಕಿಗೆ ಈ ಥಿನ್ನರ್ ಜಾಸ್ತಿ ಸೋಕಿದರೆ ಜೋಡಣೆಗಳು ಬಿರುಕು ಬಿಡಬಹುದು.

ಕೊನೆಗೆ ಮ್ಯಾಟ್ ವಾರ್ನಿಷ್. ಬಾಟಲಿ ಚೆನ್ನಾಗಿ, ಕೈ ನೋಯುವವರೆಗೆ ಅಲ್ಲಾಡಿಸಿ. ಮ್ಯಾಟ್ ಮಾಡುವ ಪುಡಿ ತಳದಲ್ಲಿ ಕೂತಿರುತ್ತದೆ.

## ಹಂತ 12: ಮುರಿಯುವಂಥವು

ಚಕ್ರದ ಕಾಲು, ಬಾಗಿಲು, ಕ್ಷಿಪಣಿ, ಆಂಟೆನಾ ಈಗ. ಕ್ಯಾನೊಪಿಯ ಟೇಪನ್ನೂ ಈಗಲೇ ತೆಗೆಯಿರಿ. ಕಿಟ್‌ನ ಪ್ಲಾಸ್ಟಿಕ್ ಪಿಟೋ ಕೊಳವೆ ದಪ್ಪ, ಅದೂ ಮುರಿಯುತ್ತದೆ. ಹೊಸ ಇಂಜೆಕ್ಷನ್ ಸೂಜಿಯ ತುದಿ ಕತ್ತರಿಸಿ ಉಜ್ಜಿ ಮೊಂಡು ಮಾಡಿ ಹಾಕಿದರೆ ತೆಳುವಾಗಿ ನೆಟ್ಟಗೆ ನಿಲ್ಲುತ್ತದೆ. ಅದನ್ನು ಅಂಟಿಸದೆ, ತೂತಿಗೆ ಬಿಗಿಯಾಗಿ ತೂರಿಸುವಂತೆ ಮಾಡಿಕೊಳ್ಳಿ.

## ಕ್ಲಬ್ ಜೊತೆ ಕಟ್ಟುವುದಾದರೆ

ಒಬ್ಬರೇ ಕಟ್ಟುವಾಗ ಕೆಲಸದ ಕ್ರಮ ಕೈ ಕೊಡುತ್ತದೆ. ಗುಂಪಿನಲ್ಲಿ ಕಟ್ಟುವಾಗ ಕೈ ಕೊಡುವುದು ಮೊದಲೇ ಮಾತಾಡಿಕೊಳ್ಳದೆ ಹೋದದ್ದು.

ಮೊದಲು ಬಗೆ ತೀರ್ಮಾನಿಸಿ. ಒಂದೇ ವಿಷಯದ ಮೇಲೆ ಎಲ್ಲರೂ ಅವರವರ ಮಾಡೆಲ್ ಕಟ್ಟುವುದು ಒಂದು ಬಗೆ. ಎಲ್ಲರೂ ಸೇರಿ ಒಂದೇ ದೃಶ್ಯ ಕಟ್ಟುವುದು ಇನ್ನೊಂದು. ಹೊಸ ಗುಂಪಿಗೆ ಮೊದಲನೆಯದೇ ಒಳ್ಳೆಯದು. ಅದರಲ್ಲಿ ಒಬ್ಬರು ಅರ್ಧಕ್ಕೆ ಬಿಟ್ಟರೂ ಉಳಿದವರ ಕೆಲಸ ನಿಲ್ಲುವುದಿಲ್ಲ.

ಸ್ಕೇಲ್ ಒಂದೇ ಇರಲಿ. 1/72 ಮತ್ತು 1/76 ಹತ್ತಿರ ಹತ್ತಿರ ಅಂತ ಬೆರೆಸುತ್ತಾರೆ. 180 ಸೆಂ.ಮೀ. ಎತ್ತರದ ಮನುಷ್ಯ ಒಂದರಲ್ಲಿ 25 ಮಿ.ಮೀ., ಇನ್ನೊಂದರಲ್ಲಿ 23.7 ಮಿ.ಮೀ. ದೂರದಲ್ಲಿಟ್ಟರೆ ಗೊತ್ತಾಗುವುದಿಲ್ಲ, ಅಕ್ಕಪಕ್ಕ ನಿಂತರೆ ಒಬ್ಬ ಕುಳ್ಳನಾಗುತ್ತಾನೆ. 1/76 ಟ್ರಕ್ಕನ್ನು 1/72 ವಿಮಾನದ ಹಿಂದೆ ದೂರಕ್ಕೆ ನಿಲ್ಲಿಸಿ.

ಬೇಸ್ ಮೊದಲು, ವಿಮಾನ ಆಮೇಲೆ. ಮಿಗ್-21 ಸುಮಾರು 20 ಸೆಂ.ಮೀ. ಉದ್ದ. ಕಾಗದದಲ್ಲಿ ಅದರ ಆಕಾರ ಕತ್ತರಿಸಿ ಬೋರ್ಡ್ ಮೇಲೆ ಇಟ್ಟು ನೋಡಿ. ಎ3 ಹಾಳೆಯಷ್ಟು ಜಾಗದಲ್ಲಿ ಎರಡು ವಿಮಾನ ಆರಾಮಾಗಿ ನಿಲ್ಲುತ್ತವೆ, ಮೂರು ಇಟ್ಟರೆ ಸಂತೆ. ನೆಲದ ದಪ್ಪ, ಕಾಂಕ್ರೀಟ್ ಬಣ್ಣ ಒಬ್ಬರ ಜವಾಬ್ದಾರಿಯೇ ಆಗಿರಲಿ.

ಬಣ್ಣ ಒಂದೇ ಬಾಟಲಿಯಿಂದ. ಒಂದೇ ಹೆಸರಿನ ಬೂದು ಬೇರೆ ಬೇರೆ ಕಂಪನಿಯಲ್ಲಿ ಬೇರೆಯೇ ಕಾಣುತ್ತದೆ. ಒಂದೇ ಸ್ಕ್ವಾಡ್ರನ್ನಿನ ಮೂರು ವಿಮಾನ ಮೂರು ಬಣ್ಣವಾದರೆ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದೇ. ಸಾಕಷ್ಟು ಬಣ್ಣ ಒಟ್ಟಿಗೆ ಬೆರೆಸಿ, ಹಂಚಿ, ಪ್ರಮಾಣ ಬರೆದಿಡಿ.

ಏನನ್ನು ಹಂಚಿಕೊಳ್ಳಬೇಕು, ಏನನ್ನು ಬಾರದು. ಕಂಪ್ರೆಸರ್, ಸ್ಪ್ರೇ ಬೂತ್ ಹಂಚಿಕೊಳ್ಳಿ. ಕಿಟ್‌ಗಳನ್ನು ಒಟ್ಟಿಗೆ ತರಿಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ. ಏರ್‌ಬ್ರಷ್ ಮಾತ್ರ ಅವರವರದ್ದೇ ಇರಲಿ. ಒಬ್ಬರು ತೊಳೆಯದೆ ಇಟ್ಟರೆ ಇನ್ನೊಬ್ಬರಿಗೆ ಸೂಜಿ ಹೊರತೆಗೆಯೋಕೂ ಆಗುವುದಿಲ್ಲ, ಸ್ನೇಹವೂ ಕೆಡುತ್ತದೆ. ಮಕ್ಕಳು ಬರುವ ಕ್ಲಬ್ ಆದರೆ ಬ್ಲೇಡು, ಸಿಮೆಂಟ್ ಎರಡೂ ದೊಡ್ಡವರ ಮೇಜಿನಲ್ಲಿ.

ತಪ್ಪು ತೋರಿಸುವುದಕ್ಕೂ ಕ್ರಮವಿದೆ. ಬ್ರಿಟನ್ನಿನಲ್ಲಿ 1963ರಲ್ಲಿ ಶುರುವಾದ, ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರ ಐಪಿಎಂಎಸ್ ಸಂಘದ ಶಾಖೆಗಳು ಈಗ ಹಲವು ದೇಶಗಳಲ್ಲಿವೆ. ಅಂಥ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮೊದಲು ನೋಡುವುದು ಸಂದು ಮತ್ತು ನೇರ ಜೋಡಣೆ, ಆಮೇಲೆ ಬಣ್ಣ, ಆಮೇಲೆ ಸೂಕ್ಷ್ಮ ಕೆಲಸ. ಕ್ಲಬ್‌ನಲ್ಲೂ ಪ್ರೈಮರ್ ಹಂತದಲ್ಲೇ ಮಾಡೆಲ್ ತಂದು ತೋರಿಸುವ ಪದ್ಧತಿ ಇಟ್ಟುಕೊಳ್ಳಿ. ಆಗ ಹೇಳಿದ ತಪ್ಪನ್ನು ತಿದ್ದಬಹುದು. ಮ್ಯಾಟ್ ಹೊಡೆದ ಮೇಲೆ "ಇಲ್ಲಿ ಸಂದು ಕಾಣುತ್ತೆ ನೋಡಿ" ಅಂದರೆ ಕಟ್ಟಿದವರಿಗೆ ಬೇಜಾರಾಗುವುದಷ್ಟೇ.

ಪ್ರದರ್ಶನಕ್ಕೆ ಒಯ್ಯುವಾಗ. ಮುರಿಯುವುದು ಹೆಚ್ಚಾಗಿ ದಾರಿಯಲ್ಲೇ. ಡಬ್ಬಿಯಲ್ಲಿ ಮಾಡೆಲಿನ ಭಾರ ಚಕ್ರದ ಕಾಲಿನ ಮೇಲೆ ಬೀಳದಂತೆ ರೆಕ್ಕೆ ಮತ್ತು ಹೊಟ್ಟೆಯ ಕೆಳಗೆ ಸ್ಪಾಂಜ್ ಕೊಡಿ. ಬಬಲ್ ರ‍್ಯಾಪ್ ಸುತ್ತಬೇಡಿ, ಆಂಟೆನಾ ಅದಕ್ಕೇ ಸಿಕ್ಕಿ ಕಿತ್ತು ಬರುತ್ತದೆ. ಡಬ್ಬಿ ತೊಡೆಯ ಮೇಲೆ ಬೇಡ, ಕಾರಿನ ನೆಲದ ಮೇಲೆ ಇರಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ. ಪಿಟೋ ಕೊಳವೆಯನ್ನು ಹೊರಡುವ ಮುಂಚೆ ಎಳೆದು ತೆಗೆದು ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿಕೊಳ್ಳಿ. ಜೊತೆಗೆ ಒಂದು ಚಿಮುಟ, ಸ್ವಲ್ಪ ಫೆವಿಕಾಲ್, ಮೈಬಣ್ಣದ ಒಂದು ಸಣ್ಣ ಶೀಶೆ ಜೇಬಿನಲ್ಲಿರಲಿ.